ಅರ್ಧ ಸೆಕೆಂಡು

ಹನ್ನೊಂದು ನಿಮಿಷ ಹದಿನಾಲ್ಕು ಸೆಕೆಂಡಿಗೆ
ಬಂದು ನಿಲ್ಲುತ್ತದೆ. ಇದು ಆರನೇ ಸಲ.
‘ಟೇಪು ಮುಗಿಯಿತು’ ಅನ್ನುತ್ತದೆ ಕಂಪ್ಯೂಟರು.
ಮುಗಿದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ
ಮುಕ್ಕಾಲಿಗೂ ಮಿಕ್ಕ ಸುರುಳಿ ಈಚೆಗೇ ಇದೆ.

ಲಿಯೆಪಾಯದಲ್ಲಿ ಗಾಳಿಗೆ ರಜೆಯಿಲ್ಲ.
ನಾಲ್ಕನೇ ಮಹಡಿಯ ವೆಲ್ಗಾ ಈ ಕ್ಯಾಮೆರಾವನ್ನು
ಟವೆಲಿನಲ್ಲಿ ಸುತ್ತಿ, ಎಳೆಗೂಸಿನ ಹಾಗೆ,
ಮೇಲೊಂದು ಹೊಗೆಮೀನಿಟ್ಟು ಇಳಿದು ಬಂದಳು.
ಮೀನು ನನ್ನ ಕೂಲಿ.
ಮೂವತ್ತು ವರ್ಷ ಹಡಗಿನ ರೇಡಿಯೋ ನೋಡಿಕೊಂಡವನಿಗೆ
ಇದೇನು ಮಹಾ ಅಂದುಕೊಂಡೆ.

ಮೊದಲ ದಿನ: ‘ಯಾವ ಸಾಧನವೂ ಸಿಕ್ಕಿಲ್ಲ.’
ಸಾಧನ ನನ್ನ ಮೂಗಿನ ಕೆಳಗೇ ಇತ್ತು.
ಫೈರ್‌ವೈರ್ ಕೇಬಲ್ಲಿನ ಹೊಟ್ಟೆಯೊಳಗೆ ತಂತಿ ತುಂಡಾಗಿತ್ತು,
ಸಂತೆಯಲ್ಲಿ ಸತ್ತ ಫೋನುಗಳ ರಾಶಿ ಕೆದಕಿ
ಇನ್ನೊಂದು ತಂದೆ, ಎರಡು ಯೂರೋ.
ಮಾರನೆಯ ದಿನ ಚಿತ್ರ ಬಂತು, ಚೌಕಚೌಕವಾಗಿ,
ಒಡೆದ ಹೆಂಚು ಒಟ್ಟಿದ ಹಾಗೆ.
ಹೆಡ್ಡು ಒರೆಸಿದೆ. ವೈರಸ್ ಕಾಯುವ ಕಾವಲುಗಾರನನ್ನು ಮಲಗಿಸಿದೆ.
ಸ್ಕ್ರೀನ್ ಸೇವರಿನ ಬಣ್ಣದ ಮೀನುಗಳನ್ನು ಓಡಿಸಿದೆ.
ಫ್ರೇಮು ಉದುರುವುದು ನಿಂತಿತು.

ನಿಂತಿತು ಅಂದರೆ, ಹನ್ನೊಂದು ನಿಮಿಷ ಹದಿನಾಲ್ಕು ಸೆಕೆಂಡಿನವರೆಗೆ.

ಅಷ್ಟರೊಳಗೆ ಇರುವುದಿಷ್ಟು: ಹೆಪ್ಪುಗಟ್ಟಿದ ಸರೋವರ,
ಮಂಜಿಗೆ ತೂತು ಕೊರೆಯುವ ನಾಲ್ವರು ಟ್ರಾಮ್ ಚಾಲಕರು,
ಒಬ್ಬನ ಟೊಪ್ಪಿಗೆ, ಮತ್ತೂ ಅದೇ ಟೊಪ್ಪಿಗೆ,
ಆರಿಸಲು ಮರೆತ ಕ್ಯಾಮೆರಾದಲ್ಲಿ
ಎರಡು ನಿಮಿಷ ಇಮಾಂತ್ಸನ ಬೂಟು.
‘ಅದಕ್ಕೆ ದುಡ್ಡು ಕೊಟ್ಟವಳು ನಾನು’ ಅಂದಳು ವೆಲ್ಗಾ.
ಐರ್ಲೆಂಡಿಗೆ ಅಣಬೆ ಕೀಳಲು ಹೋದವನು,
ಆರು ತಿಂಗಳಿಗೆಂದು.
ಹದಿನೇಳು ವರ್ಷವಾಯಿತು.
ಅಲ್ಲಿ ಅವನಿಗೆ ಬೇರೆ ಅಡುಗೆಮನೆ.

ಏಳನೇ ಸಲಕ್ಕೆ ನನಗೆ ಹೊಳೆಯಿತು.
ಟೇಪಿಗೆ ತನ್ನದೇ ಗಡಿಯಾರವಿದೆ,
ಒಂದೊಂದು ಚಿತ್ರದ ಬೆನ್ನಿಗೂ ಒಂದೊಂದು ಸಂಖ್ಯೆ.
ನಡುವೆ ಖಾಲಿ ಬಿಟ್ಟು ಮುಂದೆಲ್ಲೋ ಶುರುಮಾಡಿದರೆ
ಲೆಕ್ಕ ತಪ್ಪಿ ಮತ್ತೆ ಸೊನ್ನೆಯಿಂದ ಹೊರಡುತ್ತದೆ.
ಆ ಖಾಲಿ ಕಂಡದ್ದೇ ಕಂಪ್ಯೂಟರು ಕೈಮುಗಿದುಬಿಡುತ್ತದೆ.
‘ಕಡಿದಲ್ಲಿ ನಿಲ್ಲು’ ಅಂತಿದ್ದ ಗುರುತು ಅಳಿಸಿದೆ,
ಕ್ಯಾಮೆರಾದ ಗುಂಡಿಯನ್ನು ನನ್ನ ಬೆರಳಲ್ಲೇ ಒತ್ತಿದೆ.
ನೀಲಿ. ನೀಲಿ. ನಾಲ್ಕು ಸೆಕೆಂಡಿನ ನೀಲಿ.
ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ, ಒಂದು:

ಕುರ್ಚಿಯಲ್ಲಿ ವೆಲ್ಗಾ, ನಿದ್ದೆ.
ಮಡಿಲಲ್ಲಿ ಅರ್ಧ ಹೆಣೆದ ಕಾಲುಚೀಲ,
ಬಾಯಿ ತೆರೆದಿದೆ. ಕ್ಯಾಮೆರಾ ಉಸಿರು ಬಿಗಿಹಿಡಿದು
ಬಹಳ ಹೊತ್ತು ಅಲ್ಲೇ ನಿಂತಿದೆ.
ಗೊರಕೆ.

‘ಅದು ನನ್ನದಲ್ಲ,’ ಅಂದಳು,
‘ನೋಡು, ಸದ್ದಾದ ಮೇಲೆ ತುಟಿ ಅಲ್ಲಾಡುತ್ತೆ.’
ನಿಜವೇ. ಸದ್ದು ಅರ್ಧ ಸೆಕೆಂಡು ಮುಂದಿತ್ತು.

ತಾರೀಖು ಕೇಳಿದರೆ ಕ್ಯಾಮೆರಾ
ಎರಡು ಸಾವಿರದ ಜನವರಿ ಒಂದು ಅಂದಿತು;
ಒಳಗಿನ ಪುಟ್ಟ ಬ್ಯಾಟರಿ ಸತ್ತಾಗ
ಇಂಥವಕ್ಕೆಲ್ಲ ದಿನಾ ಹೊಸ ವರ್ಷ.
ವೆಲ್ಗಾ ಕುರ್ಚಿಯ ಹಿಂದಿನ ಪರದೆಗೆ ಬೆರಳಿಟ್ಟಳು, ಹಸಿರು.
‘ಇದನ್ನು ಹಾಕಿದ್ದು ಮಾರ್ಚಿ ಕೊನೆಗೆ.
ಅವನು ಹೋದದ್ದು ಏಪ್ರಿಲ್ ಎರಡಕ್ಕೆ.’
ಮತ್ತೇನೂ ಹೇಳಲಿಲ್ಲ. ಮೀನಿನ ಮುಳ್ಳುಗಳನ್ನು
ತಟ್ಟೆಯಂಚಿಗೆ ಒಂದೊಂದಾಗಿ ಸರಿಸುತ್ತ ಕೂತಳು.

ತಪ್ಪು ನನ್ನದೇ. ಕ್ಯಾಮೆರಾ ಮೂವತ್ತೆರಡರಲ್ಲಿ ಕೇಳಿಸಿಕೊಂಡದ್ದನ್ನು
ನಾನು ನಲವತ್ತೆಂಟರಲ್ಲಿ ಬರೆಸಿಕೊಂಡಿದ್ದೆ.
ಬದಲಿಸಿ ಮತ್ತೆ ತುಂಬಿಸಿದೆ. ಈಗ
ಬಾಯಿಗೆ ಗೊರಕೆ, ಕೀಲಿಗೆ ಬೀಗದ ಹಾಗೆ, ಕೂತಿತು.
ಅವಳು ನೋಡಿದಳು. ನಾನು ಕಿಟಕಿಯ ಚಿಲಕ ಸರಿಮಾಡಿದೆ,
ಅದು ಸರಿಯಾಗಿಯೇ ಇತ್ತು.

‘ಎರಡು ಪ್ರತಿ ಮಾಡು,’ ಅಂದಳು ಕೊನೆಗೆ,
‘ಸರಿಯಿದ್ದದ್ದು ಅವನಿಗೆ ಹೋಗಲಿ.
ಮೊದಲಿನದು ನನಗಿರಲಿ, ಆ ತಪ್ಪಿದ್ದು.’
ಲಕೋಟೆ ತೆಗೆದು ಪೆನ್ನು ಹುಡುಕುತ್ತಿದ್ದೆ;
ಕೈಯಿಂದ ಕಸಿದುಕೊಂಡು ತಾನೇ ಬರೆದಳು
ವಿಳಾಸ, ಮನೆ ಸಂಖ್ಯೆ, ಪಿನ್ ಕೋಡು ಸಮೇತ,
ಯಾವ ಚೀಟಿಯನ್ನೂ ನೋಡದೆ.